ಕೀನ್ಯಾದ ನಾಲ್ಕನೇ ದೊಡ್ಡ ಊರು ಯಾವುದು ಗೊತ್ತಾ? ಅಲ್ಲಿನ ಊರುಗಳ ಜನಸಂಖ್ಯೆ ಬಗ್ಗೆ ಮಾತಾಡೋಣ

ಕಾಫಿಸೀಮೆ

ಎಲ್ಲರಿಗೂ ನಮಸ್ಕಾರ. ನಾನು ಮೂಡಿಗೆರೆ ಕಡೆಯವನು. 2016ರಿಂದ ಕೀನ್ಯಾದಲ್ಲಿ ಕೆಲಸ. ಊರಿಂದ ಯಾರೇ ಫೋನ್ ಮಾಡಿದರೂ ‘ನೈರೋಬಿ ಹೇಗಿದೆ?’ ಅಂತಲೇ ಕೇಳುತ್ತಾರೆ. ನಾನಿರುವುದು ನೈರೋಬಿಯಲ್ಲಿ ಅಲ್ಲ, ರುಯಿರು ಎಂಬ ಊರಲ್ಲಿ. ಹಾಗಂದ ಕೂಡಲೇ ಆ ಕಡೆ ಮಾತು ನಿಂತುಹೋಗುತ್ತದೆ. ಆ ಹೆಸರನ್ನು ಯಾರೂ ಕೇಳಿಯೇ ಇಲ್ಲ.

ಕೇಳದೇ ಇರುವಷ್ಟು ಸಣ್ಣ ಊರೇನಲ್ಲ ಇದು. 2019ರ ಜನಗಣತಿಯಲ್ಲಿ ಕೀನ್ಯಾದ ಒಟ್ಟು ಜನ 4,75,64,296. ಅದರಲ್ಲಿ ನೈರೋಬಿ 43,97,073. ಎರಡನೆಯದು ಮೊಂಬಾಸಾ, 12,08,333. ಮೂರನೆಯದು ನಕುರು, 5,70,674. ನಾಲ್ಕನೆಯದೇ ನಮ್ಮ ರುಯಿರು, 4,90,120. ಓಟಗಾರರ ಊರು ಅಂತ ಜಗತ್ತಿಗೆಲ್ಲ ಗೊತ್ತಿರುವ ಎಲ್ಡೊರೆಟ್ (4,75,716) ಇದರ ಕೆಳಗೆ ಬರುತ್ತದೆ. ವಿಕ್ಟೋರಿಯಾ ಸರೋವರದ ದಂಡೆಯ ಕಿಸುಮು (3,97,957) ಅದಕ್ಕೂ ಕೆಳಗೆ.

2009ರಲ್ಲಿ ರುಯಿರುವಿನಲ್ಲಿ ಇದ್ದವರು 2,38,858 ಜನ. ಹತ್ತೇ ವರ್ಷದಲ್ಲಿ ಎರಡು ಪಟ್ಟು ದಾಟಿತು. ಅದೇ ಹತ್ತು ವರ್ಷದಲ್ಲಿ ನೈರೋಬಿ 31,38,369ರಿಂದ ಬೆಳೆದದ್ದು ನೂರಕ್ಕೆ ನಲವತ್ತರಷ್ಟು ಮಾತ್ರ. ಪಟ್ಟಿಯಲ್ಲಿ ಇನ್ನೂ ಕೆಳಗಿಳಿಯಿರಿ. ಕಿಕುಯು 3,23,881. ತೀಕಾ 2,51,407. ಕರುರಿ 1,94,342. ಓಂಗಟಾ ರೊಂಗಾಯ್ 1,72,569. ಜುಜಾ 1,56,041. ಕಿಟೆಂಗೆಲಾ 1,54,436. ಮ್ಲೊಲೊಂಗೊ 1,36,351. ಈಗ ಭೂಪಟ ತೆಗೆದು ಈ ಹೆಸರುಗಳನ್ನು ಹುಡುಕಿ. ಎಲ್ಲವೂ ನೈರೋಬಿಯ ಸುತ್ತಲೇ ಕೂತಿವೆ.

ನನಗೆ ಹೇಳಬೇಕು ಅನ್ನಿಸಿದ್ದು ಇಷ್ಟೇ. ಕೀನ್ಯಾದ ಊರುಗಳ ಪಟ್ಟಿಯಲ್ಲಿ ಮೊದಲನೇ ಸಾಲು ಓದಿ ನಿಲ್ಲಿಸಿದರೆ, ಆ ದೇಶದ ನಗರಗಳಲ್ಲಿ ನಿಜವಾಗಿ ಆಗುತ್ತಿರುವುದೇ ಕಣ್ಣಿಗೆ ಬೀಳಲ್ಲ. ಜನ ಬಂದು ಸೇರುತ್ತಿರುವುದು ನೈರೋಬಿಯ ಗಡಿಯಾಚೆಯ ಈ ಊರುಗಳಿಗೆ. ಅವುಗಳ ಹೆಸರು ಪಾಠದಲ್ಲಿ ಬರಲ್ಲ, ಸುದ್ದಿಯಲ್ಲೂ ಬರಲ್ಲ. ಇಲ್ಲಿ ಬದುಕುವವನಾಗಿ ಅದು ನನ್ನನ್ನು ಕಾಡುತ್ತೆ. ಕೀನ್ಯಾ ಗೊತ್ತಿರುವವರು, ಹೋಗಿ ಬಂದವರು ಬರೆಯಿರಿ.

ಹಾವೇರಿ ಟೀಚರ್

ಒಳ್ಳೆಯ ವಿಷಯ ಎತ್ತಿದ್ದೀರಿ ಸಾರ್. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಆಫ್ರಿಕಾ ಖಂಡದ ಪಾಠಕ್ಕೆ ಗೋಡೆಗೆ ಹಾಕಲು ಒಂದು ಚಾರ್ಟ್ ಮಾಡಿಸುತ್ತಿದ್ದೇನೆ. ಒಂದು ಕಡೆ ಸಿಕ್ಕಿಹಾಕಿಕೊಂಡೆ. ನನ್ನ ಹತ್ತಿರ ಇರುವ ಹಳೇ ಪಟ್ಟಿಯಲ್ಲಿ 2009ಕ್ಕೆ ಕಿಸುಮು ಜನಸಂಖ್ಯೆ 4,09,928 ಅಂತಿದೆ. ನೀವು 2019ಕ್ಕೆ 3,97,957 ಅಂತೀರಿ. ಹತ್ತು ವರ್ಷದಲ್ಲಿ ಕಡಿಮೆ ಆಯಿತಾ? ಜನ ಊರು ಬಿಟ್ಟು ಹೋದರಾ? ಯಾವುದನ್ನು ಬರೆಸಲಿ?

ಅಂಕಿಸಂಕಿ

ಟೀಚರ್, ಕಿಸುಮು ಬಿಟ್ಟು ಜನ ಎಲ್ಲೂ ಹೋಗಿಲ್ಲ. ಕಿಸುಮು ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆ ಥರ) ಲೆಕ್ಕ ನೋಡಿ. 2009ರಲ್ಲಿ 9,68,909 ಇತ್ತು, 2019ರಲ್ಲಿ 11,55,574 ಆಯಿತು. ಜಿಲ್ಲೆಯಲ್ಲಿ ಸುಮಾರು 2 ಲಕ್ಷ ಜನ ಜಾಸ್ತಿ, ಅದರ ನಡುವಿನ ಪಟ್ಟಣದಲ್ಲಿ ಮಾತ್ರ ಕಮ್ಮಿ ಅಂದರೆ ಹೇಗೆ? ಅಲ್ಲಿ ಬದಲಾಗಿದ್ದು ಅಳತೆ.

2009ರಲ್ಲಿ ಪುರಸಭೆ, ನಗರಸಭೆಗಳ ಗಡಿ ಇತ್ತು. ಆ ಗಡಿಯೊಳಗೆ ಹೊಲಗದ್ದೆ ಇದ್ದರೂ ಆ ಜನ ಊರಿನ ಲೆಕ್ಕಕ್ಕೆ ಬರುತ್ತಿದ್ದರು. 2010ರ ಸಂವಿಧಾನ ಬಂದ ಮೇಲೆ 2013ರಿಂದ 47 ಕೌಂಟಿಗಳು ಕೆಲಸ ಶುರುಮಾಡಿದವು, ಹಳೇ ಪುರಸಭೆಗಳು ಹೋದವು. 2019ರಲ್ಲಿ ಗಡಿ ನೋಡದೆ ಮನೆಗಳ ಒತ್ತು ನೋಡಿದರು. ಕಟ್ಟಡಗಳು ಸುತ್ತಲಿನ ಜಾಗಕ್ಕಿಂತ ಒತ್ತೊತ್ತಾಗಿದ್ದು 2,000 ಜನ ಇದ್ದರೆ ಅದು ಪಟ್ಟಣ. ಅಂಚಿನ ಹಳ್ಳಿಗಳೆಲ್ಲ ಲೆಕ್ಕದಿಂದ ಉದುರಿಹೋದವು.

ಮಚಾಕೋಸ್ ನೋಡಿದರೆ ಇನ್ನೂ ಸ್ಪಷ್ಟ. 2009ರಲ್ಲಿ 1,50,041, 2019ರಲ್ಲಿ 63,767. ಅರ್ಧಕ್ಕಿಂತ ಕಮ್ಮಿ! ಅಲ್ಲಿ ಯುದ್ಧವೇನೂ ಆಗಲಿಲ್ಲ. ಗೆರೆ ಬೇರೆಯಾಯಿತು, ಅಷ್ಟೇ.

ಹಾಗಾಗಿ ಎರಡು ಗಣತಿಯ ಸಂಖ್ಯೆ ಪಕ್ಕಪಕ್ಕ ಇಟ್ಟು ‘ಇಷ್ಟು ಬೆಳೆಯಿತು, ಇಷ್ಟು ಕುಗ್ಗಿತು’ ಅನ್ನುವ ಮೊದಲು ಗೆರೆ ಎಲ್ಲಿತ್ತು ಅಂತ ನೋಡಬೇಕು. ಕಾಫಿಸೀಮೆಯವರೇ, ಇದು ನಿಮ್ಮ ರುಯಿರು ಲೆಕ್ಕಕ್ಕೂ ಸ್ವಲ್ಪ ಅನ್ವಯಿಸುತ್ತೆ. ‘ಎರಡು ಪಟ್ಟು’ ಅನ್ನುವಾಗ ಅದನ್ನೂ ಸೇರಿಸಿ ಹೇಳಿ.

ಕಾಫಿಸೀಮೆ

ಒಪ್ಪುತ್ತೇನೆ. ನಾನು ಅದನ್ನು ಮೊದಲೇ ಹೇಳಬೇಕಿತ್ತು. ಆದರೆ ರುಯಿರುವಿನಲ್ಲಿ ಬೆಳವಣಿಗೆ ಕಣ್ಣೆದುರೇ ಇದೆ. ನಾನು ಬಂದಾಗ ಮನೆಯ ಹಿಂದೆ ಕಾಫಿ ತೋಟ ಇತ್ತು. ನಮ್ಮೂರಿನ ಹಾಗೆ ಮರದ ನೆರಳಿನ ತೋಟವಲ್ಲ, ಬಿಸಿಲಿಗೆ ತೆರೆದ ಸಾಲುಗಿಡ. ಮಳೆ ಬಿದ್ದು ಹತ್ತು ದಿನಕ್ಕೆ ಹೂ ಅರಳಿದಾಗ ಅದೇ ಪರಿಮಳ. ಅಮ್ಮನಿಗೆ ಫೋನ್ ಮಾಡಿ ಹೇಳಿದ್ದೆ. ಮೂರನೇ ವರ್ಷ ಗಿಡಗಳನ್ನು ಬುಡ ಸಮೇತ ಕಿತ್ತರು. ಈಗ ಅಲ್ಲಿ ಐದು ಮಹಡಿಯ ನಾಲ್ಕು ಕಟ್ಟಡಗಳಿವೆ. ಪ್ರತಿ ಬಾಲ್ಕನಿಯಲ್ಲೂ ಬಟ್ಟೆ ಒಣಗುತ್ತಿರುತ್ತೆ.

ಇದಕ್ಕೆಲ್ಲ ದೊಡ್ಡ ಕಾರಣ ರಸ್ತೆ. ನೈರೋಬಿಯಿಂದ ತೀಕಾಗೆ ಹೋಗುವ ಸುಮಾರು 50 ಕಿ.ಮೀ. ಹೆದ್ದಾರಿಯನ್ನು ಅಗಲ ಮಾಡಿ 2012ರ ನವೆಂಬರ್‌ನಲ್ಲಿ ಉದ್ಘಾಟನೆ ಮಾಡಿದರು. ಕೆಲವು ಕಡೆ ಎಂಟು ಲೇನ್. ಅದಾದ ಮೇಲೆ ಊರಾಚೆ ಬಾಡಿಗೆಗೆ ಮನೆ ಹಿಡಿದು ಒಳಗೆ ದುಡಿಯಬಹುದು ಅಂತ ಜನಕ್ಕೆ ಧೈರ್ಯ ಬಂತು.

ನಾನು ಬೆಳಗ್ಗೆ ಐದೂವರೆಗೆ ಸ್ಟೇಜ್‌ಗೆ ಹೋಗುತ್ತೇನೆ. ಇಲ್ಲಿ ಬಸ್ ನಿಲ್ದಾಣಕ್ಕೆ ಸ್ಟೇಜ್ ಅಂತಾರೆ. ಕತ್ತಲಲ್ಲೇ ಜನ ಸಾಲು ನಿಂತಿರುತ್ತಾರೆ. ಮಟಾಟು, ಅಂದರೆ ನಮ್ಮ ಟೆಂಪೋ ಥರದ ಬಾಡಿಗೆ ವ್ಯಾನು, ಬಂದು ನಿಲ್ಲುವ ಮೊದಲೇ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ ‘ಟಾವೊ! ಟಾವೊ!’ ಅಂತ ಕೂಗುತ್ತಾನೆ. ಟಾವೊ ಅಂದರೆ ಟೌನು, ನೈರೋಬಿ. ದಾರಿಯಲ್ಲಿ ಕಹಾವಾ ಸುಕಾರಿ ಅಂತ ಬಡಾವಣೆ. ಕಹಾವಾ ಅಂದರೆ ಕಾಫಿ, ಸುಕಾರಿ ಅಂದರೆ ಸಕ್ಕರೆ. ಆಮೇಲೆ ಗಿಥುರಾಯ್, ರೊಯ್ಸಾಂಬು, ಕೊನೆಗೆ ನ್ಗಾರಾ.

ಈ ಗಿಥುರಾಯ್ ವಿಷಯ ಕೇಳಿ. ಅದೇ ಹೆಸರಿನ ಎರಡು ಬಡಾವಣೆ, ಗಿಥುರಾಯ್ 44 ಮತ್ತು ಗಿಥುರಾಯ್ 45. ಆ ಸಂಖ್ಯೆಗಳು ಬಂದದ್ದು ಮಟಾಟು ರೂಟ್ ನಂಬರಿಂದ. 44 ನೈರೋಬಿ ಕೌಂಟಿಗೆ ಸೇರಿದೆ, 45 ಕಿಯಾಂಬು ಕೌಂಟಿಗೆ. ಒಂದೇ ಸಂತೆಗೆ ಬರುವ ಜನ. ತರಕಾರಿ ಮಾರುವ ಹೆಂಗಸು ಒಬ್ಬಳೇ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಬೇರೆ ಬೇರೆ ಪುಟ.

ಕಡಲತಡಿ

ಮಂಗಳೂರಿಂದ. ನಮ್ಮ ಅಜ್ಜನ ಅಣ್ಣ ಮೊಂಬಾಸಾ ಬಂದರಿನಲ್ಲಿ ಗುಮಾಸ್ತರಾಗಿದ್ದರು. 1950ರ ದಶಕದ ಅವರ ಕಾಗದಗಳು ಮನೆಯಲ್ಲಿ ಇವತ್ತಿಗೂ ಇವೆ. ‘ಇಲ್ಲಿ ತೆಂಗು ನಮ್ಮಲ್ಲಿಯಷ್ಟೇ, ಸೆಕೆಯೂ ಅಷ್ಟೇ’ ಅಂತ ಒಂದು ಕಡೆ ಬರೆದಿದ್ದಾರೆ. ಅದನ್ನು ಓದಿ ಓದಿ 2018ರಲ್ಲಿ ನೋಡಲು ಹೋಗಿದ್ದೆ.

ಮೊಂಬಾಸಾ ಹಳೇ ಊರು ಒಂದು ದ್ವೀಪ. ಆದರೆ 12 ಲಕ್ಷ ಜನ ದ್ವೀಪದೊಳಗೇ ಇಲ್ಲ. ಉತ್ತರಕ್ಕೆ ನ್ಯಾಲಿ, ದಕ್ಷಿಣಕ್ಕೆ ಲಿಕೋನಿ, ಪಶ್ಚಿಮಕ್ಕೆ ಚಾಂಗಾಮ್ವೆ, ಹೀಗೆ ನೆಲದ ಮೇಲೆ ಹರಡಿದೆ. ಲಿಕೋನಿಗೆ ಹೋಗಲು ಆಗ ಫೆರಿ ಹತ್ತಬೇಕಿತ್ತು. ಬೆಳಗ್ಗೆ ಆ ಫೆರಿ ದಡ ಮುಟ್ಟುವುದನ್ನು ನೋಡಬೇಕು. ಇಳಿಜಾರಿನ ಮೇಲೆ ಸಾವಿರಾರು ಜನ ಒಟ್ಟಿಗೆ ಹತ್ತುತ್ತಾರೆ. ತಲೆ ಮೇಲೆ ಬುಟ್ಟಿ, ಕೈಯಲ್ಲಿ ಮಕ್ಕಳ ಕೈ, ಸೈಕಲ್ ತಳ್ಳಿಕೊಂಡು ಹೋಗುವವರು. ಯಾರೂ ಮಾತಾಡಲ್ಲ, ಬರೀ ಚಪ್ಪಲಿ ಸದ್ದು. 2020ರ ಕೊನೆಗೆ ಅಲ್ಲಿ ನಡೆದು ದಾಟಲು ತೇಲುವ ಸೇತುವೆ ಬಂತು ಅಂತ ಓದಿದೆ.

ಒಂದು ಪ್ರಶ್ನೆ. ನಮ್ಮಂಥ ಭಾರತೀಯ ಮೂಲದವರು ಎಷ್ಟಿದ್ದಾರೆ ಅಂತ ಗಣತಿಯಲ್ಲಿ ಇದೆಯಾ?

ಅಂಕಿಸಂಕಿ

ಇದೆ. 2017ರ ಜುಲೈನಲ್ಲಿ ಅಲ್ಲಿನ ಸರ್ಕಾರ ಏಷ್ಯನ್ ಮೂಲದ ಕೀನ್ಯಾದವರನ್ನು ದೇಶದ 44ನೇ ಸಮುದಾಯ ಅಂತ ಗುರುತಿಸಿತು. 2019ರ ಗಣತಿಯಲ್ಲಿ ಕೀನ್ಯಾದ ಏಷ್ಯನ್ನರು 47,555. ಕೀನ್ಯಾದ ಪೌರತ್ವ ಇಲ್ಲದ ಏಷ್ಯನ್ನರು ಬೇರೆ ಸಾಲಿನಲ್ಲಿ, 42,972. ಅದರಲ್ಲಿ ಭಾರತದವರು ಇಷ್ಟು ಅಂತ ಒಡೆದು ಹೇಳಲು ಆಗಲ್ಲ, ಏಷ್ಯಾ ಅಂದರೆ ಎಲ್ಲರೂ ಬರುತ್ತಾರೆ. ಮೊಂಬಾಸಾದಿಂದ ಒಳನಾಡಿಗೆ ರೈಲು ಹಾಕುವಾಗ, 1896ರಿಂದ 1901ರ ತನಕ, ಭಾರತದಿಂದ ಸುಮಾರು 32,000 ಕೂಲಿಗಳನ್ನು ಕರೆದುಕೊಂಡು ಹೋಗಿದ್ದರು. ಅವರಲ್ಲಿ 2,500ರಷ್ಟು ಜನ ಅಲ್ಲೇ ಸತ್ತರು. ಹೆಚ್ಚಿನವರು ಪಂಜಾಬಿನವರು. ನೈರೋಬಿ ಹುಟ್ಟಿದ್ದೇ ಆ ರೈಲಿನ ಡಿಪೋ ಆಗಿ, 1899ರಲ್ಲಿ.

ಧಾರವಾಡಿ

ನೀವೆಲ್ಲ ನೈರೋಬಿ 44 ಲಕ್ಷ ಅಂತೀರಿ. ನಾನು ಓದಿದ ಪ್ರಕಾರ ಅಲ್ಲಿನ ಕಿಬೇರಾ ಕೊಳೆಗೇರಿ ಒಂದರಲ್ಲೇ 10 ಲಕ್ಷ ಜನ ಇದ್ದಾರೆ, ಆಫ್ರಿಕಾದಲ್ಲೇ ದೊಡ್ಡ ಕೊಳೆಗೇರಿ. ಅಂದರೆ ನೈರೋಬಿಯ ನಾಲ್ಕರಲ್ಲಿ ಒಬ್ಬ ಕಿಬೇರಾದವನಾ? ಯಾವುದೋ ಒಂದು ಲೆಕ್ಕ ತಪ್ಪಿರಬೇಕು.

ನೀರಿನ ಇಂಜಿನಿಯರ್

ಧಾರವಾಡಿಯವರೇ, ನಿಮ್ಮ ಅನುಮಾನ ಸರಿಯಾಗಿದೆ. ತಪ್ಪಿರುವುದು 10 ಲಕ್ಷದ ಲೆಕ್ಕ. ಇದರ ಬಗ್ಗೆ ನಾನು ಸ್ವಲ್ಪ ಉದ್ದ ಬರೆಯಬೇಕು, ಯಾಕಂದರೆ ಅದೇ ಕೆಲಸದಲ್ಲಿ ಮೂರು ವರ್ಷ ಇದ್ದೆ.

2012ರಿಂದ 2015ರ ತನಕ ನೈರೋಬಿಯಲ್ಲಿ ನೀರಿನ ಪೈಪ್‌ಲೈನ್ ಯೋಜನೆಯಲ್ಲಿದ್ದೆ. ನಮಗೆ ಕೊಟ್ಟ ಹಾಳೆಯಲ್ಲಿ ಕಿಬೇರಾ ಎದುರು 10 ಲಕ್ಷ ಅಂತಲೇ ಇತ್ತು. ಎಲ್ಲಿಂದ ಬಂತು ಅಂದರೆ ಹಿಂದಿನ ಒಂದು ವರದಿಯಿಂದ. ಆ ವರದಿಗೆ ಎಲ್ಲಿಂದ ಅಂದರೆ ಅದಕ್ಕಿಂತ ಹಿಂದಿನದರಿಂದ. ಮನೆ ಎಣಿಸಿದವರು ಯಾರೂ ಇರಲಿಲ್ಲ. 2009ರ ಗಣತಿ ಕಿಬೇರಾದಲ್ಲಿ ಎಣಿಸಿದ್ದು 1,70,070 ಜನರನ್ನು. ಅದೇ ವರ್ಷ ಅಲ್ಲಿನ ಹುಡುಗ ಹುಡುಗಿಯರೇ ಜಿಪಿಎಸ್ ಹಿಡಿದು ಓಣಿ ಓಣಿ ನಡೆದು ಭೂಪಟ ಮಾಡಿದರು, ‘ಮ್ಯಾಪ್ ಕಿಬೇರಾ’ ಅಂತ. ಅದಕ್ಕೆ ಮೊದಲು ಎಲ್ಲರ ಬಳಕೆಗೆ ಸಿಗುವ ನಕ್ಷೆಗಳಲ್ಲಿ ಆ ಜಾಗ ಹೆಚ್ಚುಕಡಿಮೆ ಖಾಲಿ ಇತ್ತು. ಎಣಿಸದೆ ದೊಡ್ಡ ಸಂಖ್ಯೆ ಬರೆದಿದ್ದರು, ನಕ್ಷೆಯಲ್ಲಿ ಏನೂ ಬರೆದಿರಲಿಲ್ಲ. ಎರಡೂ ಒಂದೇ ಜಾಗಕ್ಕೆ.

2019ರಲ್ಲಿ ಕಿಬೇರಾ ಇರುವ ಕಿಬ್ರಾ ಉಪಕೌಂಟಿ (ನಮ್ಮ ತಾಲ್ಲೂಕಿನ ಥರ) ಪೂರ್ತಿ ಸೇರಿ 1,85,777. ಕಿಬೇರಾ ಹೆಸರಿನ ಮೂಲವಾದ ಕಿಬ್ರಾ ಅನ್ನುವುದು ನ್ಯೂಬಿಯನ್ ಭಾಷೆಯ ಮಾತು, ಕಾಡು ಅಂತ ಅರ್ಥ. ಬ್ರಿಟಿಷರ ಸೈನ್ಯದಲ್ಲಿದ್ದ ನ್ಯೂಬಿಯನ್, ಅಂದರೆ ಸುಡಾನ್ ಮೂಲದ, ಸಿಪಾಯಿಗಳಿಗೆ ಇರಲು ಬಿಟ್ಟ ಜಾಗ ಅದು.

‘ಜಾಸ್ತಿ ಹೇಳಿದರೆ ಏನು ತೊಂದರೆ, ಬಡವರಿಗೆ ಸಹಾಯ ಜಾಸ್ತಿ ಬರುತ್ತೆ’ ಅಂತ ನನ್ನ ಜೊತೆಯವರು ಹೇಳುತ್ತಿದ್ದರು. ತೊಂದರೆ ಇದೆ. ಕಿಬೇರಾದ ಲೈನಿ ಸಾಬಾದಲ್ಲಿ ಒಂದು ನಲ್ಲಿ ಮನೆ ಇತ್ತು. ತಗಡಿನ ಗೂಡು, ಒಳಗೆ ಒಬ್ಬ ಹೆಂಗಸು, ಹೊರಗೆ ಹಳದಿ ಬಣ್ಣದ 20 ಲೀಟರ್ ಕ್ಯಾನುಗಳ ಸಾಲು. ಎಂದಿನ ದಿನ ಒಂದು ಕ್ಯಾನಿಗೆ 5 ಶಿಲ್ಲಿಂಗ್. ನೀರು ನಿಂತ ದಿನ 20. ಆ ಓಣಿಗೆ ಎಷ್ಟು ನಲ್ಲಿ ಬೇಕು ಅಂತ ಲೆಕ್ಕ ಹಾಕಿದರೆ, 10 ಲಕ್ಷದ ಹಾಳೆ ಹಿಡಿದವನಿಗೆ ಅದು ಆಗದ ಕೆಲಸ ಅನ್ನಿಸುತ್ತೆ. ‘ಇಷ್ಟು ಜನಕ್ಕೆ ಪೈಪ್ ಹಾಕಲು ಸಾಧ್ಯವೇ ಇಲ್ಲ’ ಅಂತ ಫೈಲು ಮುಚ್ಚುತ್ತಾರೆ. 2 ಲಕ್ಷದ ಒಳಗಿನ ಜನ ಅಂದರೆ ಅದು ಒಂದು ಸಾಧಾರಣ ಪಟ್ಟಣ. ಸಾಧಾರಣ ಪಟ್ಟಣಕ್ಕೆ ನೀರು ಕೊಡಲು ಎಲ್ಲರಿಗೂ ಗೊತ್ತಿದೆ. ಸಂಖ್ಯೆ ಸರಿಯಾದಾಗಲೇ ಅದು ಮಾಡಬಹುದಾದ ಕೆಲಸ ಆಗಿದ್ದು. ಅದಕ್ಕೇ ನನಗೆ ಈ ಸಂಖ್ಯೆ ಮೇಲೆ ಇಷ್ಟು ಹಟ.

ಧಾರವಾಡಿ

ವಿವರಕ್ಕೆ ಧನ್ಯವಾದ ಸಾರ್. ಆದರೂ ಒಂದು ಮಾತು. ಗಣತಿಯವರು ಕೊಳೆಗೇರಿಯಲ್ಲಿ ಎಲ್ಲರನ್ನೂ ಎಣಿಸುತ್ತಾರೆ ಅಂತ ನಂಬೋದು ಕಷ್ಟ. ಒಂದೇ ಖೋಲಿಯಲ್ಲಿ ಪಾಳಿ ಮೇಲೆ ಮಲಗೋರು, ರಾತ್ರಿ ಕಾವಲಿಗೆ ಹೋದೋರು, ಸರ್ಕಾರದವರು ಅಂದರೆ ಬಾಗಿಲು ತೆಗೆಯದೋರು. ನಾನು ಇಲ್ಲಿ ವಾರ್ಡ್ ಗಣತಿಗೆ ಹೋದಾಗ ಇದೆಲ್ಲ ಕಂಡಿದ್ದೇನೆ. ಬಡವರೇ ಬಿಟ್ಟುಹೋಗೋದು.

ನೀರಿನ ಇಂಜಿನಿಯರ್

ಬಿಟ್ಟುಹೋಗುತ್ತಾರೆ, ನಿಜ. ನೂರಕ್ಕೆ ನೂರು ತಪ್ಪಿತು ಅಂತಲೇ ಇಟ್ಟುಕೊಳ್ಳಿ, ಎಣಿಸಿದಷ್ಟೇ ಜನ ಎಣಿಕೆಗೆ ಸಿಗಲಿಲ್ಲ ಅಂತ. ಆಗಲೂ 3 ಲಕ್ಷ 40 ಸಾವಿರ. 10 ಲಕ್ಷ ಆಗಲ್ಲ. ಜಾಗ ನೋಡಿದರೂ ಅಷ್ಟು ಹಿಡಿಸಲ್ಲ.

ಜನದಟ್ಟಣೆ ನೋಡಬೇಕು ಅಂದರೆ ನೈರೋಬಿಯದೇ ಇನ್ನೊಂದು ಕೊಳೆಗೇರಿ ಪ್ರದೇಶ ಮಥಾರೆ ನೋಡಿ. ಆ ಉಪಕೌಂಟಿ ಸುಮಾರು 3 ಚದರ ಕಿ.ಮೀ. ಅಷ್ಟೇ. ಜನ 2,06,564. ಅಂದರೆ ಚದರ ಕಿ.ಮೀ.ಗೆ 69 ಸಾವಿರದ ಆಸುಪಾಸು. ಅದೇ ನೈರೋಬಿಯ ಲಂಗಾಟಾದಲ್ಲಿ ಚದರ ಕಿ.ಮೀ.ಗೆ ಸಾವಿರವೂ ಇಲ್ಲ, ಯಾಕಂದರೆ ಅದರೊಳಗೆ ಸಿಂಹ, ಜಿರಾಫೆ ಇರುವ ರಾಷ್ಟ್ರೀಯ ಉದ್ಯಾನ ಇದೆ. ನೈರೋಬಿಯ ಸರಾಸರಿ ಅಂತ 6,247 ಬರೆಯುತ್ತಾರೆ. ಮಥಾರೆಯವಳಿಗೂ ಆ ಸಂಖ್ಯೆ ಸಂಬಂಧ ಇಲ್ಲ, ಲಂಗಾಟಾದವಳಿಗೂ ಇಲ್ಲ.

ಬಯಲುನಾಡು

ಈ ಚರ್ಚೆ ಓದಿ ಕುತೂಹಲ ಆಯಿತು. ಕೀನ್ಯಾದವರು ಹತ್ತು ವರ್ಷಕ್ಕೊಮ್ಮೆ ತಪ್ಪದೆ ಎಣಿಸುತ್ತಾರಾ? ನಮ್ಮಲ್ಲಿ 2011 ಆದ ಮೇಲೆ ಆಗಲೇ ಇಲ್ಲ, 2021ರದ್ದು 2027ಕ್ಕೆ ಹೋಯಿತು. ಕಾಫಿಸೀಮೆಯವರೇ, 2019ರಲ್ಲಿ ನಿಮ್ಮನ್ನೂ ಎಣಿಸಿದರಾ? ಹೇಗಿತ್ತು?

ಕಾಫಿಸೀಮೆ

1969ರಿಂದ ತಪ್ಪಿಸಿಲ್ಲ. 69, 79, 89, 99, 2009, 2019. ಹಾಗಾಗಿ ನೈರೋಬಿ ಬೆಳೆದ ದಾರಿ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತೆ. 1969ರಲ್ಲಿ 5,09,286, 1979ರಲ್ಲಿ 8,27,775, 1999ರಲ್ಲಿ 21,43,254.

ನನ್ನನ್ನೂ ಎಣಿಸಿದರು. 2019ರ ಆಗಸ್ಟ್ 24, ಶನಿವಾರ ರಾತ್ರಿ. ಸಂಜೆ ಐದಕ್ಕೇ ಬಾರುಗಳನ್ನೆಲ್ಲ ಮುಚ್ಚಿಸಿ ಎಂದು ಸರ್ಕಾರ ಹೇಳಿತ್ತು, ಜನ ಮನೆಯಲ್ಲಿ ಸಿಗಲಿ ಅಂತ. ನಮ್ಮ ಕಡೆ ಅಷ್ಟು ನಿಶ್ಶಬ್ದದ ಶನಿವಾರ ನಾನು ನೋಡೇ ಇಲ್ಲ. ಒಂಬತ್ತು ಗಂಟೆ ಸುಮಾರಿಗೆ ಒಬ್ಬ ಹುಡುಗಿ ಬಂದಳು. ಕೈಯಲ್ಲಿ ಟ್ಯಾಬ್ಲೆಟ್, ಕೊರಳಲ್ಲಿ ಗುರುತಿನ ಚೀಟಿ. ಜೊತೆಗೆ ಬಡಾವಣೆಯ ಹಿರಿಯರೊಬ್ಬರು ಟಾರ್ಚ್ ಹಿಡಿದು ಬಂದಿದ್ದರು. ಕಾಗದ ಇಲ್ಲದೆ ಪೂರ್ತಿ ಟ್ಯಾಬ್ಲೆಟ್‌ನಲ್ಲೇ ಮಾಡಿದ ಮೊದಲ ಗಣತಿ ಅಲ್ಲಿನದು.

ಮೊದಲ ಪ್ರಶ್ನೆ: ‘ಈ ರಾತ್ರಿ ಈ ಮನೆಯಲ್ಲಿ ಯಾರು ಯಾರು ಮಲಗುತ್ತಿದ್ದೀರಿ?’ ಆಮೇಲೆ ಎಲ್ಲಿ ಹುಟ್ಟಿದ್ದು, ನೀರು ಎಲ್ಲಿಂದ, ಗೋಡೆ ಯಾವುದರದ್ದು, ಕೋಳಿ ಸಾಕಿದ್ದೀರಾ, ಆನ್‌ಲೈನ್‌ನಲ್ಲಿ ಏನಾದರೂ ಕೊಂಡಿದ್ದೀರಾ. ಗಂಡು, ಹೆಣ್ಣು ಅಲ್ಲದೆ ಅಂತರಲಿಂಗಿ ಅಂತ ಬರೆಸಲೂ ಅವಕಾಶ ಇತ್ತು. ದೇಶದಲ್ಲಿ 1,524 ಜನ ಹಾಗೆ ಬರೆಸಿದರು. ಹೋಗುವಾಗ ಆ ಹುಡುಗಿ ಬಾಗಿಲ ಚೌಕಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ನಂಬರ್ ಬರೆದಳು.

ಈಗ ನಮ್ಮ ಕಟ್ಟಡದ ಕೇರ್‌ಟೇಕರ್ ಬಗ್ಗೆ ಹೇಳಬೇಕು. ಅವರು ಪಶ್ಚಿಮದ ಕಾಕಮೆಗಾ ಕಡೆಯವರು. ಹದಿನೆಂಟು ವರ್ಷದಿಂದ ರುಯಿರುವಿನಲ್ಲೇ ಇದ್ದಾರೆ. ಗಣತಿಗೆ ಎರಡು ದಿನ ಮುಂಚೆ ರಾತ್ರಿ ಬಸ್ಸು ಹತ್ತಿ ಊರಿಗೆ ಹೋದರು. ‘ನಾನು ಅಲ್ಲಿ ಲೆಕ್ಕಕ್ಕೆ ಬರಬೇಕು, ನಮ್ಮ ಕೌಂಟಿಗೆ ದುಡ್ಡು ಬರೋದು ತಲೆ ಎಣಿಸಿ’ ಅಂದರು. ಇಲ್ಲಿ ಯಾರನ್ನೇ ‘ಕ್ವೆನು ನಿ ವಾಪಿ?’, ನಿಮ್ಮೂರು ಯಾವುದು, ಅಂತ ಕೇಳಿ. ಇಪ್ಪತ್ತು ವರ್ಷ ನೈರೋಬಿಯಲ್ಲಿದ್ದವರೂ ಹಳ್ಳಿಯ ಹೆಸರೇ ಹೇಳುತ್ತಾರೆ. ಆ ಹಳ್ಳಿಗೆ ಆಡುಮಾತಲ್ಲಿ ಶಾಗ್ಸ್ ಅಂತಾರೆ. ಡಿಸೆಂಬರ್ ಬಂದರೆ ಎಲ್ಲರೂ ಶಾಗ್ಸ್‌ಗೆ. ಸತ್ತರೆ ಮಣ್ಣು ಮಾಡೋದೂ ಅಲ್ಲೇ.

ಹದಿನೆಂಟು ವರ್ಷ ರುಯಿರುವಿನ ನೀರು ಕುಡಿದವರು ರುಯಿರುವಿನ 4,90,120ರಲ್ಲಿ ಇಲ್ಲ. ಮೂಡಿಗೆರೆಯಿಂದ ಬಂದು ಮೂರು ವರ್ಷ ಆಗಿದ್ದ ನಾನು ಇದ್ದೇನೆ.

ಅಂಕಿಸಂಕಿ

ಕೇರ್‌ಟೇಕರ್ ಹೇಳಿದ್ದು ಸರಿ. ಕೌಂಟಿಗಳಿಗೆ ಕೇಂದ್ರದ ಹಣ ಹಂಚುವ ಮೊದಲ ಸೂತ್ರದಲ್ಲಿ ಜನಸಂಖ್ಯೆಗೆ ನೂರಕ್ಕೆ 45 ಪಾಲು ಇತ್ತು. 2020ರಲ್ಲಿ ಆ ಸೂತ್ರ ಬದಲಿಸುವಾಗ ಸೆನೆಟ್‌ನಲ್ಲಿ ತಿಂಗಳುಗಟ್ಟಲೆ ಹಗ್ಗಜಗ್ಗಾಟ ಆಯಿತು. ಜನ ಜಾಸ್ತಿ ಇರುವ ಕೌಂಟಿಯವರು ಒಂದು ಕಡೆ, ಜಾಗ ಜಾಸ್ತಿ ಜನ ಕಮ್ಮಿ ಇರುವ ಉತ್ತರದವರು ಇನ್ನೊಂದು ಕಡೆ.

ಎಣಿಕೆ ಮೇಲೆ ಹಣ ನಿಂತರೆ ಎಣಿಕೆಯ ಮೇಲೂ ಜಗಳ ಬರುತ್ತೆ. 2009ರ ಗಣತಿಯಲ್ಲಿ ಉತ್ತರದ ಎಂಟು ಜಿಲ್ಲೆಗಳ ಫಲಿತಾಂಶವನ್ನು ಸರ್ಕಾರ ಒಪ್ಪಲಿಲ್ಲ. ಮಂಡೇರಾ, ವಾಜಿರ್, ತುರ್ಕಾನಾ ಕಡೆಯವು. ಹುಟ್ಟು ಸಾವಿನ ಲೆಕ್ಕಕ್ಕೆ ಹೊಂದದಷ್ಟು ಏರಿಕೆ ಅಂತ ಹೇಳಿದರು. ಅಲ್ಲಿಯವರು ಇವತ್ತಿಗೂ ‘ನಮ್ಮನ್ನು ಕಮ್ಮಿ ಎಣಿಸುತ್ತಾರೆ’ ಅಂತಾರೆ. ದನ, ಒಂಟೆ ಹೊಡೆದುಕೊಂಡು ನೀರಿದ್ದ ಕಡೆ ಹೋಗುವವರನ್ನು ಒಂದು ರಾತ್ರಿ ಎಲ್ಲಿ ಅಂತ ಹಿಡಿಯೋದು?

ಬಯಲುನಾಡು

ಅಂದಹಾಗೆ ಆ ಉತ್ತರದಲ್ಲೇ ಅಲ್ವಾ ದಾದಾಬ್ ನಿರಾಶ್ರಿತರ ಶಿಬಿರ ಇರೋದು? ಅದು ಈ ಊರುಗಳ ಪಟ್ಟಿಯಲ್ಲಿ ಬರುತ್ತಾ?

ಅಂಕಿಸಂಕಿ

ಗರಿಸ್ಸಾ ಕೌಂಟಿಯಲ್ಲಿ. ಸೊಮಾಲಿಯಾದಲ್ಲಿ ಯುದ್ಧ ಶುರುವಾದಾಗ, 1991ರಲ್ಲಿ ತೆರೆದದ್ದು. 2011ರ ಬರದಲ್ಲಿ ಅಲ್ಲಿದ್ದ ಜನ 4 ಲಕ್ಷ ದಾಟಿದ್ದರು. ಆಗಿನ ನಕುರುಗಿಂತ ದೊಡ್ಡದು. ಆದರೂ ದೊಡ್ಡ ಊರುಗಳ ಪಟ್ಟಿ ಮಾಡುವವರು ಸಾಮಾನ್ಯವಾಗಿ ಅದನ್ನು ಬಿಡುತ್ತಾರೆ. ಅಲ್ಲೇ ಹುಟ್ಟಿ, ಅಲ್ಲೇ ಶಾಲೆಗೆ ಹೋಗಿ, ಅಲ್ಲೇ ಮದುವೆಯಾಗಿ ಮಕ್ಕಳಾದವರಿದ್ದಾರೆ. ಮೂವತ್ತು ವರ್ಷ ದಾಟಿದ ಊರನ್ನು ಇನ್ನೂ ಶಿಬಿರ ಅಂತಲೇ ಕರೆಯಬೇಕಾ ಅನ್ನೋದು ನನಗೆ ನಿಜವಾಗಿ ನೋವು ಕೊಡುವ ಪ್ರಶ್ನೆ.

ಹಾವೇರಿ ಟೀಚರ್

ಎಲ್ಲರಿಗೂ ಧನ್ಯವಾದ. ಇನ್ನೊಂದೇ ಸಂದೇಹ. ಚಾರ್ಟ್‌ನಲ್ಲಿ ‘ನಗರ’ ಮತ್ತು ‘ಪಟ್ಟಣ’ ಅಂತ ಎರಡು ಬಣ್ಣ ಹಾಕಿಸುತ್ತಿದ್ದೇನೆ. ರುಯಿರು ನಾಲ್ಕನೆಯದು ಅಂದ ಮೇಲೆ ಅದಕ್ಕೆ ನಗರದ ಬಣ್ಣ ಅಲ್ವಾ?

ಅಂಕಿಸಂಕಿ

ಅಲ್ಲ ಟೀಚರ್, ಅಲ್ಲೇ ಇರುವುದು ತೊಡಕು. ನಗರ ಅನ್ನುವ ಪಟ್ಟವನ್ನು ಸರ್ಕಾರ ಸನ್ನದು ಕೊಟ್ಟು ಘೋಷಿಸಬೇಕು. ನೈರೋಬಿಗೆ ಬ್ರಿಟಿಷರ ಕಾಲದಲ್ಲೇ, 1950ರಲ್ಲಿ ಸಿಕ್ಕಿತು. ಮೊಂಬಾಸಾ, ಕಿಸುಮು ಆಮೇಲೆ ಬಂದವು. ನಕುರುಗೆ 2021ರ ಡಿಸೆಂಬರ್ 1ರಂದು, ಎಲ್ಡೊರೆಟ್‌ಗೆ 2024ರ ಆಗಸ್ಟ್‌ನಲ್ಲಿ. ಒಟ್ಟು ಐದು. 2011ರ ಕಾನೂನಿನಲ್ಲಿ ನಗರ ಆಗಲು 5 ಲಕ್ಷ ಜನ ಬೇಕಿತ್ತು, 2019ರಲ್ಲಿ ಅದನ್ನು 2.5 ಲಕ್ಷಕ್ಕೆ ಇಳಿಸಿದರು. ರುಯಿರುವಿನಲ್ಲಿ ಅದರ ಹತ್ತಿರ ಹತ್ತಿರ ಎರಡರಷ್ಟು ಜನ ಇದ್ದಾರೆ. ಆದರೂ ಅದು ಪುರಸಭೆ. ಜನರ ತಲೆ ಎಣಿಸಿದರೆ ಸಾಲದು, ಆಸ್ಪತ್ರೆ, ಚರಂಡಿ, ಆದಾಯ ಎಲ್ಲ ತೋರಿಸಬೇಕು.

ಕಾಫಿಸೀಮೆ

ಚರಂಡಿ ಮಾತು ಬಂತಲ್ಲ, ಅದನ್ನೇ ಹೇಳೋಣ ಅಂತಿದ್ದೆ. ನಮ್ಮ ಬೀದಿಯ ಅರ್ಧ ಮನೆಗಳಿಗೆ ಒಳಚರಂಡಿ ಇಲ್ಲ. ಗುಂಡಿ ತುಂಬಿದಾಗ ಲಾರಿ ಕರೆಸಬೇಕು. ನಲ್ಲಿ ನೀರು ವಾರಕ್ಕೆ ಎರಡು ದಿನ, ಉಳಿದ ದಿನ ಬೋರ್‌ವೆಲ್. 1930ರ ದಶಕದಲ್ಲೇ ನೈರೋಬಿಗೆ ನೀರು ಕೊಡಲು ಅಣೆಕಟ್ಟು ಕಟ್ಟಿದ್ದು ಇದೇ ರುಯಿರು ಹೊಳೆಗೆ. ಈಗ ನೈರೋಬಿಯ ಹೆಚ್ಚಿನ ನೀರು ಮುರಾಂಗಾ ಕೌಂಟಿಯ ನ್ದಕಾಯಿನಿ ಅಣೆಕಟ್ಟಿನಿಂದ ಬರುತ್ತೆ, ಅದೂ ಗಡಿಯಾಚೆಯದೇ. ಮಲಗಲು ಜಾಗ ಆಚೆ, ಕುಡಿಯಲು ನೀರು ಆಚೆ, ಹೆಸರು ಮಾತ್ರ ಒಳಗಿನದು.

ಬಣ್ಣದ ವಿಷಯಕ್ಕೆ ಟೀಚರ್, ರುಯಿರುಗೆ ಪಟ್ಟಣದ ಬಣ್ಣವನ್ನೇ ಹಾಕಿಸಿ. ಆದರೆ ಚುಕ್ಕೆಯನ್ನು ಜನಸಂಖ್ಯೆಗೆ ತಕ್ಕಷ್ಟು ದೊಡ್ಡದು ಬರೆಸಿ. ಎಲ್ಡೊರೆಟ್ ಚುಕ್ಕೆಗಿಂತ ಒಂದು ಕೂದಲೆಳೆ ದೊಡ್ಡದು. ಸಂಖ್ಯೆ ಪಕ್ಕದಲ್ಲಿ 2019 ಅಂತ ವರ್ಷವನ್ನೂ ಬರೆಸಿ. ಮ್ಲೊಲೊಂಗೊ ಹಾಕಿಸುವುದಾದರೆ ಅದರ ಅರ್ಥವನ್ನೂ ಹೇಳಿಕೊಡಿ, ಮಕ್ಕಳಿಗೆ ಇಷ್ಟ ಆಗುತ್ತೆ. ಸ್ವಾಹಿಲಿಯಲ್ಲಿ ಮ್ಲೊಲೊಂಗೊ ಅಂದರೆ ಸಾಲು. ಮೊಂಬಾಸಾ ಹೆದ್ದಾರಿಯ ತೂಕದ ಕಟ್ಟೆ ಹತ್ತಿರ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಡ್ರೈವರುಗಳಿಗೆ ಚಹಾ, ಊಟ ಮಾರುವವರು ಬಂದರು. ಆಮೇಲೆ ಮನೆ ಬಂತು. ಈಗ 1,36,351 ಜನ.

ಹಾವೇರಿ ಟೀಚರ್

ಚಾರ್ಟ್ ಮುಗಿಯಿತು ಸಾರ್. ಇವತ್ತು ಗೋಡೆಗೆ ಹಾಕಿದೆವು. ನೈರೋಬಿ ಸುತ್ತ ಚುಕ್ಕೆಗಳು ಒಂದರ ಮೇಲೊಂದು ಬಂದು ಹೆಸರು ಬರೆಯಲು ಜಾಗ ಸಾಲಲಿಲ್ಲ. ಮಕ್ಕಳು ದಾರ ಎಳೆದು ಪಕ್ಕದಲ್ಲಿ ಬರೆದರು. ಎಂಟನೇ ಕ್ಲಾಸಿನ ಹುಡುಗಿ ಒಬ್ಬಳು ಕೇಳಿದಳು: ‘ಮೇಡಂ, ರುಯಿರುವಿನಲ್ಲಿ ಮಲಗಿ ನೈರೋಬಿಯಲ್ಲಿ ಕೆಲಸ ಮಾಡೋರು ಹಗಲು ಹೊತ್ತು ಯಾವ ಚುಕ್ಕೆಯಲ್ಲಿ ಇರ್ತಾರೆ?’ ನಾನು ನಿಮ್ಮನ್ನು ಕೇಳಿ ಹೇಳ್ತೀನಿ ಅಂದೆ.

ಕಾಫಿಸೀಮೆ

ಗಣತಿ ಬರೆದುಕೊಳ್ಳೋದು ಮಲಗಿದ ಚುಕ್ಕೆಯನ್ನು ಮಾತ್ರ ಅಂತ ಹೇಳಿ ಮೇಡಂ. ಹಗಲಿನ ಚುಕ್ಕೆ ಅಂತ ಆ ಪಟ್ಟಿಯಲ್ಲಿ ಇಲ್ಲ. ಆ ಹುಡುಗಿಗೆ ನನ್ನ ಕಡೆಯಿಂದ ಶಾಬಾಸ್ ಹೇಳಿ. ನಾಳೆ ಬೆಳಗ್ಗೆ ನಮ್ಮ ಸ್ಟೇಜ್‌ನ ಫೋಟೊ ತೆಗೆದು ಇಲ್ಲಿ ಹಾಕುತ್ತೇನೆ, ಅವಳಿಗೆ ತೋರಿಸಿ. ಐದೂವರೆಗೆ ಇನ್ನೂ ಕತ್ತಲಿರುತ್ತೆ, ಆದರೆ ಮಟಾಟು ಲೈಟಿನಲ್ಲಿ ಜನ ನಿಂತ ಸಾಲು ಚೆನ್ನಾಗಿ ಕಾಣುತ್ತೆ.